ಬೀಡಿಗೆ ಕನಿಕರ, ಸಿಗರೇಟಿಗೆ ಕರ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ)



ಸಭೆ ಅಂದಮೇಲೆ ಭೂಮಿಯ ಮಾತು ಬರಬೇಕು, ಸ್ಕಾಲರ್‌ಶಿಪ್ಪಿನ ಮಾತು ಬರಬೇಕು, ಇವರೇನು ಬೀಡಿ ಸಿಗರೇಟಿನ ಕತೆ ಹಿಡಕೊಂಡು ಬಂದರು ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸುತ್ತಿರಬಹುದು. ಹಿಂದಿನ ಸಾಲಿನಲ್ಲಿ ಇಬ್ಬರು ಮೂವರು ಆಗಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದಾರೆ. ನಗಲಿ. ನಾವು ಬುದ್ಧಿ ಹೇಳಲಿಕ್ಕೆ ಬಂದವರಲ್ಲ, ಹೇಳುವ ಯೋಗ್ಯತೆಯೂ ನಮಗಿಲ್ಲ. ನಮ್ಮ ಬಳಗದಲ್ಲಿ ಸೇದದೆ ಇರುವವರನ್ನು ಒಂದು ಕೈಬೆರಳಿನಲ್ಲಿ ಎಣಿಸಿಬಿಡಬಹುದು. ನಿಮ್ಮ ನೀರಿನ ಟ್ಯಾಂಕಿನ ಹಿಂದೆ ಬಿದ್ದಿರುವ ಮೋಟುಗಳಲ್ಲಿ ನಮ್ಮವೂ ಇವೆ.

ನಾವು ಮಾತಾಡಬೇಕು ಅಂತ ಬಂದಿರುವುದು ತೆರಿಗೆಯ ಬಗ್ಗೆ. ಒಂದು ಕಡ್ಡಿ ಹೊಗೆಯ ಮೇಲೆ ಸರ್ಕಾರ ಎಷ್ಟು ಸುಂಕ ಹಾಕುತ್ತದೆ, ಯಾರ ಹೊಗೆಗೆ ಹೆಚ್ಚು, ಯಾರ ಹೊಗೆಗೆ ಕಡಿಮೆ, ಆ ಹೆಚ್ಚು ಕಡಿಮೆಯಿಂದ ಯಾರು ಬಿಡುತ್ತಾರೆ, ಯಾರು ಬಿಡದೆ ಉಳಿದು ಸಾಯುತ್ತಾರೆ ಎನ್ನುವ ಲೆಕ್ಕ. ಲೆಕ್ಕ ಅಂದರೆ ನಾವು ಆರ್ಟ್ಸ್ ಓದಿದವರಿಗೆ ಭಯ. ಆದರೂ ಕೂತು ಮಾಡಿದೆವು. ತಪ್ಪಿದ್ದರೆ ಕಾಮರ್ಸಿನ ಗೆಳೆಯರು ತಿದ್ದಲಿ.

2026ರ ಫೆಬ್ರವರಿ 1ರಂದು ಸಿಗರೇಟಿನ ತೆರಿಗೆ ಬದಲಾಯಿತು. ಅದಕ್ಕೆ ಮುಂಚೆ ಶೇಕಡಾ 28 ಜಿಎಸ್‌ಟಿ, ಅದರ ಮೇಲೆ ಒಂದು ಪರಿಹಾರ ಸೆಸ್ಸು ಇತ್ತು. 2017ರ ಜುಲೈನಿಂದ ಈ ಸೆಸ್ಸು ಕದಲಲೇ ಇಲ್ಲ. ನಡುವೆ ಬೇರೆ ಸುಂಕದಲ್ಲಿ ಸಣ್ಣಪುಟ್ಟ ಏರಿಕೆ ಆದದ್ದು ಬಿಟ್ಟರೆ ಎಂಟು ವರ್ಷ ತೆರಿಗೆ ಹೆಚ್ಚೂಕಡಿಮೆ ಇದ್ದಲ್ಲೇ ಇತ್ತು. ಅಷ್ಟು ಹೊತ್ತಿಗೆ ಅಕ್ಕಿಯ ಬೆಲೆ ಏರಿತು, ಬಸ್ಸಿನ ಚಾರ್ಜು ಏರಿತು, ಕೂಲಿಯೂ ಒಂದಿಷ್ಟು ಏರಿತು. ಹೊಗೆ ಮಾತ್ರ ಅಗ್ಗವಾಗುತ್ತ ಬಂತು. ಅಂಗಡಿಯ ಬೆಲೆ ಇಳಿಯಬೇಕಾಗಿಲ್ಲ ನೋಡಿ; ಕೈಗೆ ಬರುವ ಕಾಸು ಏರಿ, ಸಿಗರೇಟಿನ ಬೆಲೆ ಅಷ್ಟು ಏರದೆ ನಿಂತರೆ ಅದು ಅಗ್ಗವಾದಂತೆಯೇ. ಕೊನೆಗೆ ಆ ಫೆಬ್ರವರಿಯಲ್ಲಿ ಸೆಸ್ಸು ಹೋಗಿ ಜಿಎಸ್‌ಟಿ ಶೇಕಡಾ 40 ಆಯಿತು, ಅದರ ಮೇಲೆ ಸಾವಿರ ಕಡ್ಡಿಗೆ 2,050 ರೂಪಾಯಿಯಿಂದ 8,500 ರೂಪಾಯಿವರೆಗೆ ಕೇಂದ್ರದ ಅಬಕಾರಿ ಸುಂಕ ಬಂತು.

ಆಗ ನಮ್ಮ ಕೋಣೆಗಳಲ್ಲಿ ಏನಾಯಿತು ಅನ್ನುವುದನ್ನು ನೀವೂ ನೋಡಿದ್ದೀರಿ. ಗೂಡಂಗಡಿಯ ಮುಂದೆ ನಿಂತು "ಅಣ್ಣಾ, ಒಂದು ಕಿಂಗು" ಅನ್ನುತ್ತಿದ್ದವನು "ಅಣ್ಣಾ, ಒಂದು ಸಣ್ಣದು" ಅಂದ. ಸಣ್ಣದು ಸೇದುತ್ತಿದ್ದವರಲ್ಲಿ ಇಬ್ಬರು ಬಿಟ್ಟೇಬಿಟ್ಟರು. ಒಬ್ಬ ನಿಜವಾಗಿ ಬಿಟ್ಟ, ಇನ್ನೊಬ್ಬ ಕೊಂಡುಕೊಳ್ಳುವುದನ್ನು ಬಿಟ್ಟ. ಈಗ ನಮ್ಮದರಲ್ಲಿ ಎರಡು ದಮ್ಮು ಕೇಳುತ್ತಾನೆ. ಒಂದು ಕಡ್ಡಿಗೆ ಮೂರು ಬಾಯಿ ಆಯಿತು. ಇನ್ನು ಮೂರು ನಾಲ್ಕು ಮಂದಿ ಸದ್ದಿಲ್ಲದೆ ಬೀಡಿಗೆ ಇಳಿದರು. ಊರಿನಲ್ಲಿ ಅಪ್ಪ ಸೇದುತ್ತಿದ್ದ ಬೀಡಿ, ಕಾಲೇಜು ಮೆಟ್ಟಿಲು ಹತ್ತಿದ ದಿವಸ ನಾಚಿಕೆಪಟ್ಟು ಬಿಟ್ಟಿದ್ದ ಬೀಡಿ, ಮತ್ತೆ ಜೇಬಿಗೆ ಬಂತು.

ತೆರಿಗೆ ಕೆಲಸ ಮಾಡುತ್ತದೆಯೋ ಇಲ್ಲವೋ ಅಂತ ಕೇಳುವವರಿಗೆ ನಮ್ಮ ಹಾಸ್ಟೆಲ್ಲೇ ಸಾಕ್ಷಿ. ಕೆಲಸ ಮಾಡುತ್ತದೆ. ಆದರೆ ಪಕ್ಕದಲ್ಲಿ ಒಂದು ಕಿಂಡಿ ತೆರೆದಿಟ್ಟರೆ ಹೊಗೆ ಆ ಕಿಂಡಿಯಿಂದಲೇ ಹೋಗುತ್ತದೆ. ಆ ಕಿಂಡಿಯ ಹೆಸರೇ ಬೀಡಿ.

ಏಕೆಂದರೆ ಸಿಗರೇಟಿನ ಸುಂಕ ಏರಿದ ಕಾಲದಲ್ಲೇ ಬೀಡಿಯ ಸುಂಕ ಇಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಕೂತು ಬೀಡಿಗೆ ಇದ್ದ ಶೇಕಡಾ 28ನ್ನು 18ಕ್ಕೆ ಇಳಿಸುವ ತೀರ್ಮಾನ ಮಾಡಿತು. ಬೀಡಿ ಸುತ್ತುವ ಎಲೆಗೆ ಇದ್ದ ಶೇಕಡಾ 18ನ್ನು 5 ಮಾಡಿತು. ಪರಿಹಾರ ಸೆಸ್ಸಂತೂ ಬೀಡಿಯ ಮೇಲೆ ಯಾವ ಕಾಲಕ್ಕೂ ಇರಲಿಲ್ಲ. ಈಗ ಗ್ರಾಹಕನ ಕಡೆಯಿಂದ ಲೆಕ್ಕ ಹಾಕಿ. ಜಿಎಸ್‌ಟಿ ಒಂದನ್ನೇ ಹಿಡಿದರೆ, ಶೇಕಡಾ 28 ಇದ್ದಾಗ ಬೀಡಿಗೆ ಕೊಟ್ಟ ಒಂದು ರೂಪಾಯಿಯಲ್ಲಿ ತೆರಿಗೆ 22 ಪೈಸೆ. ಶೇಕಡಾ 18 ಆದರೆ 15 ಪೈಸೆ. ತಂಬಾಕಿನ ಬೆಲೆಯಲ್ಲಿ ರೂಪಾಯಿಗೆ 75 ಪೈಸೆಯಾದರೂ ತೆರಿಗೆ ಇರಬೇಕು, ಆಗ ಜನ ಬಿಡುತ್ತಾರೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಎಪ್ಪತ್ತೈದು ಎಲ್ಲಿ, ಹದಿನೈದು ಎಲ್ಲಿ?

ಯಾಕೆ ಹೀಗೆ ಅಂತ ಕೇಳಿದರೆ ಒಂದೇ ಉತ್ತರ, ಎಲ್ಲ ಪಕ್ಷದವರ ಬಾಯಲ್ಲೂ ಅದೇ: ಬೀಡಿ ಬಡವರ ಹೊಗೆ. ಬಡವನ ಹೊಟ್ಟೆಯ ಮೇಲೆ ಹೊಡೆಯಬಾರದು. ಎಂಥ ಕರುಣೆ! ಬಡವನಿಗೆ ಅಗ್ಗದ ಆಸ್ಪತ್ರೆ ಕೊಡುವಾಗ ಬಾರದ ಕರುಣೆ, ಕೆರೆ ಪಕ್ಕದ ಎರಡು ಎಕರೆ ಕೊಡುವಾಗ ಬಾರದ ಕರುಣೆ, ಬೀಡಿ ಕೊಡುವಾಗ ಮಾತ್ರ ಉಕ್ಕಿ ಬರುತ್ತದೆ.

ಈ ಕರುಣೆಯ ಫಲ ಏನು ನೋಡೋಣ. 2016-17ರಲ್ಲಿ ಸರ್ಕಾರವೇ ಮಾಡಿಸಿದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ನೂರು ಜನ ವಯಸ್ಕರಲ್ಲಿ ಸಿಗರೇಟು ಸೇದುವವರು 4, ಬೀಡಿ ಸೇದುವವರು 7.7. ಹತ್ತಿರ ಹತ್ತಿರ ಎರಡರಷ್ಟು. ಸಿನಿಮಾದಲ್ಲಿ ಹೀರೋ ಎಸೆದು ಬಾಯಲ್ಲಿ ಹಿಡಿಯುವುದು ಸಿಗರೇಟು, ದೇಶ ಸೇದುವುದು ಬೀಡಿ. ಬೀಡಿಯಲ್ಲಿ ಸೊಪ್ಪು ಕಡಿಮೆ, ಕಾಗದ ಇಲ್ಲ, ಎಲೆಯದ್ದು, ಹಾಗಾಗಿ ಅಷ್ಟು ಕೆಡುಕಲ್ಲ ಅಂತ ನಮ್ಮ ಹಟ್ಟಿಯಲ್ಲಿ ಹಿರಿಯರು ಹೇಳುತ್ತಿದ್ದರು. ನಾವೂ ನಂಬಿದ್ದೆವು. ಆದರೆ ಬೀಡಿ ಸೇದಿದವರಿಗೆಲ್ಲ ಗೊತ್ತು, ಅದು ಎರಡು ನಿಮಿಷ ಸುಮ್ಮನೆ ಬಿಟ್ಟರೆ ಆರಿ ಹೋಗುತ್ತದೆ. ಆರದಂತೆ ಉಳಿಸಬೇಕು ಅಂದರೆ ಜೋರಾಗಿ, ಮತ್ತೆ ಮತ್ತೆ ಎಳೆಯಬೇಕು. ಎಳೆದಷ್ಟೂ ಒಳಕ್ಕೆ. 2008ರಲ್ಲಿ ಪ್ರಕಟವಾದ, ನಮ್ಮ ದೇಶದ ಲಕ್ಷಾಂತರ ಮನೆಗಳಿಗೆ ಹೋಗಿ ಸಾವಿನ ಕಾರಣ ಕೇಳಿ ಮಾಡಿದ ಅಧ್ಯಯನ ಹೇಳಿದ್ದು: ಸಿಗರೇಟು ಸೇದುವ ಗಂಡಸು ಸರಾಸರಿ 10 ವರ್ಷ ಆಯುಸ್ಸು ಕಳಕೊಳ್ಳುತ್ತಾನೆ, ಬೀಡಿ ಸೇದುವವನು 6 ವರ್ಷ. ತಮಿಳುನಾಡಿನಲ್ಲಿ ನಡೆದು 2003ರಲ್ಲಿ ಹೊರಬಂದ ಇನ್ನೊಂದು ಅಧ್ಯಯನ ನಮ್ಮನ್ನು ಇನ್ನೂ ಹೆಚ್ಚು ಕಲಕಿತು. ಕ್ಷಯದಿಂದ ಸತ್ತ ಗಂಡಸರಲ್ಲಿ ಅರ್ಧದಷ್ಟು ಜನರ ಸಾವಿಗೆ ಹೊಗೆಯೇ ಕಾರಣ ಅಂತ ಅದು ತೋರಿಸಿತು.

ಕ್ಷಯ ಅಂದರೆ ನಮಗೆ ಪುಸ್ತಕದ ಕಾಯಿಲೆಯಲ್ಲ. ನಮ್ಮಲ್ಲಿ ಒಬ್ಬನ ದೊಡ್ಡಪ್ಪ ಎರಡು ಸಲ ಆರಾರು ತಿಂಗಳ ಮಾತ್ರೆ ನುಂಗಿ, ಮಾತ್ರೆ ನುಂಗಿದ ಮೇಲೆ ಬಾಯಿ ಕೆಟ್ಟಿದೆ ಅಂತ ಒಂದು ಬೀಡಿ ಹಚ್ಚುತ್ತಿದ್ದ. ಬೇಡ ದೊಡ್ಡಪ್ಪಾ ಅಂದರೆ "ಇದೊಂದೇ ಕನಪ್ಪಾ ನನ್ನ ಕೈಗೆಟಕಿರೋದು" ಅನ್ನುತ್ತಿದ್ದ. ಆ ಮಾತನ್ನು ನಾವು ಬಹಳ ದಿನ ಕವಿತೆ ಮಾಡಿಕೊಂಡು ಓಡಾಡಿದೆವು. ಈಗ ಅನ್ನಿಸುತ್ತದೆ, ಅದು ಕವಿತೆ ಅಲ್ಲ, ಬೆಲೆಪಟ್ಟಿ. ಅವನ ಕೈಗೆ ಎಟಕುವಂತೆ ಅದನ್ನು ಯಾರೋ ಕೆಳಗೆ ಇಟ್ಟಿದ್ದರು.

ಬೆಲೆ ಏರಿದರೆ ಇಂಥವರು ಬಿಡುತ್ತಿದ್ದರೆ? ಈ ಪ್ರಶ್ನೆಯನ್ನೂ ಅಂಕಿ ಹಿಡಿದು ನೋಡಿದವರಿದ್ದಾರೆ. 2008ರಲ್ಲೇ ಒಬ್ಬ ಅರ್ಥಶಾಸ್ತ್ರಜ್ಞರು ನಮ್ಮ ದೇಶದ ಮನೆಖರ್ಚಿನ ಲೆಕ್ಕಗಳನ್ನು ತೆಗೆದು ನೋಡಿದಾಗ, ಬೀಡಿಯ ಬೆಲೆ ನೂರಕ್ಕೆ ಹತ್ತು ಏರಿದರೆ ಬೀಡಿ ಕೊಳ್ಳುವುದು ನೂರಕ್ಕೆ ಒಂಬತ್ತರ ಹತ್ತಿರ ಇಳಿಯುತ್ತದೆ ಅಂತ ಸಿಕ್ಕಿತು. ಸಿಗರೇಟಿನದು ಅಷ್ಟು ಇಳಿಯುವುದಿಲ್ಲ. ಇದರಲ್ಲಿ ಆಶ್ಚರ್ಯ ಏನಿಲ್ಲ. ಕಾರಿನಲ್ಲಿ ಬಂದು ಇಡೀ ಪ್ಯಾಕು ಕೊಳ್ಳುವವನಿಗೆ ಹತ್ತು ರೂಪಾಯಿ ಹೆಚ್ಚಾದರೆ ಗೊತ್ತೇ ಆಗುವುದಿಲ್ಲ. ದಿನಗೂಲಿಯಲ್ಲಿ ಒಂದು ಕಟ್ಟು ಬೀಡಿ ತರುವವನಿಗೆ ಎರಡು ರೂಪಾಯಿಯೂ ಗೊತ್ತಾಗುತ್ತದೆ. ಹೊಸದಾಗಿ ಹಿಡಿಯುತ್ತಿರುವ ನಮ್ಮಂಥ ಹುಡುಗರಿಗೆ ಇನ್ನೂ ಬೇಗ ಗೊತ್ತಾಗುತ್ತದೆ, ಚಟ ಇನ್ನೂ ಬೇರು ಬಿಟ್ಟಿರುವುದಿಲ್ಲ. ಹಾಗಾದರೆ ಸುಂಕಕ್ಕೆ ಬೇಗ ಬಗ್ಗುವ ಹೊಗೆ ಯಾವುದೋ, ಅದನ್ನೇ ಸುಂಕದಿಂದ ಕಾಪಾಡಿಕೊಂಡು ಬಂದಿದ್ದಾರೆ.

ಇಲ್ಲಿ ಸ್ವಲ್ಪ ಹೊತ್ತು ಬೇರೆ ದೇಶಕ್ಕೆ ಹೋಗಿ ಬರೋಣ. ದೂರದ್ದಾದರೂ ನಮಗೆ ಹತ್ತಿರದ ದೇಶ, ದಕ್ಷಿಣ ಆಫ್ರಿಕಾ. ಅಲ್ಲಿ ಬಿಳಿಯರ ಸರ್ಕಾರ ಇದ್ದಷ್ಟು ಕಾಲ, 1970 ಮತ್ತು 80ರ ದಶಕಗಳಲ್ಲಿ, ಸಿಗರೇಟಿನ ತೆರಿಗೆ ಹಣದುಬ್ಬರದ ಹಿಂದೆ ಬೀಳುತ್ತಲೇ ಇತ್ತು. ತಂಬಾಕು ಕಂಪನಿಯ ಧಣಿಗಳಿಗೂ ಆಳುವ ಪಕ್ಷಕ್ಕೂ ಬಹಳ ಸ್ನೇಹ. ಕರಿಯರ ಕೇರಿಗಳಿಗೆ ಶಾಲೆ ತಲುಪಲಿಲ್ಲ, ಆಸ್ಪತ್ರೆ ತಲುಪಲಿಲ್ಲ, ಅಗ್ಗದ ಸಿಗರೇಟು ತಲುಪಿತು. 1994ರಲ್ಲಿ ಮಂಡೇಲಾ ಅವರ ಸರ್ಕಾರ ಬಂತು. ಹೊಸ ಸರ್ಕಾರ ಬಂದ ಮೊದಲ ವರ್ಷವೇ, ಸಿಗರೇಟಿನ ಬೆಲೆಯಲ್ಲಿ ಅರ್ಧದಷ್ಟು ತೆರಿಗೆ ಇರಬೇಕು ಎಂಬ ಗುರಿ ಇಟ್ಟು ವರ್ಷ ವರ್ಷ ಏರಿಸಿತು. 1997ಕ್ಕೆ ಆ ಗುರಿ ಮುಟ್ಟಿತು. 1993ರಲ್ಲಿ ನೂರಕ್ಕೆ 33ರ ಹತ್ತಿರ ಇದ್ದ ಸೇದುವ ವಯಸ್ಕರು ಹತ್ತು ವರ್ಷದಲ್ಲಿ 24ರ ಹತ್ತಿರಕ್ಕೆ ಇಳಿದರು. ಹೆಚ್ಚಾಗಿ ಇಳಿದದ್ದು ಬಡವರಲ್ಲಿ ಮತ್ತು ಹುಡುಗರಲ್ಲಿ. ಬಡವನ ಮೇಲೆ ಪ್ರೀತಿ ಇದ್ದ ಸರ್ಕಾರ ಅವನ ಹೊಗೆಯನ್ನು ದುಬಾರಿ ಮಾಡಿತು.

ಅಲ್ಲಿಯ ಕತೆ ಅಲ್ಲಿಗೇ ಮುಗಿಯಲಿಲ್ಲ, ಅದನ್ನೂ ಹೇಳಬೇಕು. ಕಳ್ಳಮಾಲು ಹಿಡಿಯುವ ತೆರಿಗೆ ಇಲಾಖೆಯ ಕೈಯನ್ನೇ 2014-15ರ ನಂತರ ಮುರಿದು ಹಾಕಿದ ಮೇಲೆ ಸುಂಕ ಕಟ್ಟದ ಸಿಗರೇಟು ಕೇರಿ ಕೇರಿಗೆ ನುಗ್ಗಿತು. ಕೆಲವೇ ವರ್ಷದಲ್ಲಿ ಮಾರುಕಟ್ಟೆಯ ಮೂರನೇ ಒಂದು ಪಾಲಿನಷ್ಟು ಅದೇ ಆಯಿತು. 2020ರಲ್ಲಿ ಕೊರೊನಾ ಹೊತ್ತಿನಲ್ಲಿ ಮಾರ್ಚ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಸಿಗರೇಟು ಮಾರುವುದನ್ನೇ ನಿಷೇಧಿಸಿದರು. ಸೇದುವವರಲ್ಲಿ ಬಹುಪಾಲು ಜನ ಎರಡು ಮೂರು ಪಟ್ಟು ಕೊಟ್ಟು ಕಳ್ಳಸಂತೆಯಲ್ಲಿ ಕೊಂಡರು. ಸರ್ಕಾರಕ್ಕೆ ಒಂದು ಕಾಸೂ ಬರಲಿಲ್ಲ. ಹಾಗಾಗಿ ನಿಷೇಧ ಮಾಡಿ ಅಂತ ಕೂಗುವ ಗೆಳೆಯರು ಸ್ವಲ್ಪ ತಾಳಬೇಕು. ನಮ್ಮಲ್ಲೇ 2013ರಲ್ಲಿ ಗುಟ್ಕಾ ನಿಷೇಧ ಆಯಿತಲ್ಲ? ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಎರಡನ್ನೂ ಅಂಗೈಯಲ್ಲಿ ಬೆರೆಸಿದರೆ ಗುಟ್ಕಾ. ಕಾನೂನಿಗೂ ಸಮಾಧಾನ, ಕಂಪನಿಗೂ ಸಮಾಧಾನ.

ಇನ್ನು ನಮ್ಮ ನಡುವೆಯೇ ಎದ್ದ ಜಗಳಕ್ಕೆ ಬರುತ್ತೇವೆ. ಈ ಮಾತುಗಳನ್ನು ಮೊದಲು ನಮ್ಮ ಬಳಗದಲ್ಲಿ ಓದಿದಾಗ ಬಂಟ್ವಾಳದ ಕಡೆಯಿಂದ ಬಂದ ಗೆಳೆಯ ಎದ್ದು ನಿಂತ. "ನೀವು ಮೈಸೂರು ಕಡೆಯವರು ಸುಲಭವಾಗಿ ಮಾತಾಡ್ತೀರಿ ಮಾರಾಯ್ರೆ. ಬೀಡಿ ಮುಳುಗಿದ್ರೆ ನಮ್ಮ ಅಮ್ಮ ಏನು ಮಾಡೂದು?" ಅಂದ. ಅವನ ಅಮ್ಮ ಇಪ್ಪತ್ತೈದು ವರ್ಷದಿಂದ ಬೀಡಿ ಕಟ್ಟುತ್ತಿದ್ದಾರೆ. ಬ್ರಾಂಚಿನಿಂದ ಎಲೆ, ಸೊಪ್ಪು, ನೂಲು ತಂದು, ಎಲೆ ನೆನೆಸಿ, ಕತ್ತರಿಸಿ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೆಳಗಿನಿಂದ ರಾತ್ರಿವರೆಗೆ ಸುತ್ತಿ ಸಾವಿರ ಬೀಡಿ ಮುಟ್ಟಿಸಿದರೆ ಮಜೂರಿ. ಅದರಲ್ಲೂ ಕಳಪೆ ಅಂತ ಒಂದಿಷ್ಟು ತೆಗೆದು ಹಾಕುತ್ತಾರೆ. ತೆಗೆದು ಹಾಕಿದ ಬೀಡಿಯನ್ನು ಮಾತ್ರ ವಾಪಸು ಕೊಡುವುದಿಲ್ಲ. ಇಂಥ ಕೆಲಸದಲ್ಲಿ ಸರ್ಕಾರದ ಲೆಕ್ಕದಲ್ಲೇ ದೇಶದಲ್ಲಿ 50 ಲಕ್ಷದ ಹತ್ತಿರ ಜನ ಇದ್ದಾರೆ, ಬಹುಪಾಲು ಹೆಂಗಸರು.

ಅವನ ಮಾತಿಗೆ ನಾವು ಆ ದಿನ ಉತ್ತರ ಕೊಡಲಿಲ್ಲ. ಕೊಡಲಿಕ್ಕೆ ಇರಲಿಲ್ಲ. ಆಮೇಲೆ ಹುಡುಕಿದೆವು. ಹುಡುಕಿದಾಗ ಸಿಕ್ಕಿದ್ದು ಇದು. 1976ರಲ್ಲಿ ಪಾರ್ಲಿಮೆಂಟು ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಅಂತ ಒಂದು ಕಾಯಿದೆ ಮಾಡಿತು. ತಯಾರಾದ ಬೀಡಿಯ ಮೇಲೆ ಒಂದು ಸೆಸ್ಸು, ಕೊನೆಕೊನೆಗೆ ಸಾವಿರ ಬೀಡಿಗೆ 5 ರೂಪಾಯಿ. ಅಂದರೆ ಒಂದು ಬೀಡಿಗೆ ಅರ್ಧ ಪೈಸೆ. ಆ ಅರ್ಧ ಅರ್ಧ ಪೈಸೆ ಕೂಡಿ ಬೀಡಿ ಕಟ್ಟುವವರಿಗೆ ಆಸ್ಪತ್ರೆ ಆಯಿತು, ಮನೆ ಕಟ್ಟಲು ಸಹಾಯ ಆಯಿತು, ಅವರ ಮಕ್ಕಳಿಗೆ ಸ್ಕಾಲರ್‌ಶಿಪ್ಪು ಆಯಿತು. ನಮ್ಮ ಬಂಟ್ವಾಳದ ಗೆಳೆಯ ಹೈಸ್ಕೂಲಿನಲ್ಲಿ ಪುಸ್ತಕ ಕೊಂಡದ್ದು ಆ ಹಣದಲ್ಲಿ. 2017ರಲ್ಲಿ ಜಿಎಸ್‌ಟಿ ಬರುವಾಗ ಈ ಸೆಸ್ಸನ್ನು ತೆಗೆದುಬಿಟ್ಟರು. ಯೋಜನೆಗಳ ಹೆಸರು ಉಳಿಯಿತು. ಬೀಡಿಯಿಂದ ನೇರವಾಗಿ ಬೀಡಿ ಕಟ್ಟುವವಳ ಮನೆಗೆ ಹಣ ಹೋಗುತ್ತಿದ್ದ ಕಾಲುವೆ ಮುಚ್ಚಿತು. ಬಜೆಟ್ಟಿನಲ್ಲಿ ಯಾರೋ ಕನಿಕರಪಟ್ಟು ಕೊಟ್ಟಷ್ಟು ಬರುತ್ತದೆ. 1966ರ ಬೀಡಿ ಕಾರ್ಮಿಕರ ಕಾಯಿದೆಯೂ 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಯೊಳಗೆ ಕರಗಿಹೋಯಿತು.

ನೋಡಿದಿರಾ ಇವರ ಕನಿಕರ? ಬೀಡಿಯ ಸುಂಕ ಇಳಿಸಿ ಎಂದವರು ಬೀಡಿ ಕಟ್ಟುವವಳ ಹೆಸರು ಹೇಳಿದರು. ಅವಳಿಗೆ ಬರುತ್ತಿದ್ದ ಅರ್ಧ ಪೈಸೆ ಹೋದಾಗ ಅದೇ ಗಂಟಲಿಗೆ ಏನೋ ಅಡ್ಡ ಬಂದಿತ್ತು.

ಬೀಡಿಯೊಂದಕ್ಕೆ ಬರೀ ಹತ್ತು ಪೈಸೆ ಎತ್ತಿಟ್ಟರೂ ಸಾವಿರ ಬೀಡಿಗೆ ನೂರು ರೂಪಾಯಿ. ಹಿಂದಿನ ಸೆಸ್ಸಿನ ಇಪ್ಪತ್ತರಷ್ಟು. ಅದನ್ನು ಬೇರೆ ಯಾವ ಖಜಾನೆಗೂ ಹಾಕದೆ ಬೀಡಿ ಕಟ್ಟುವವರಿಗೆ ಬೇರೆ ಕೆಲಸ ಕಲಿಸಲಿಕ್ಕೆ, ಪಿಂಚಣಿಗೆ, ಕ್ಷಯದ ಮನೆಗಳಿಗೆ, ಇಂಥ ಹಾಸ್ಟೆಲುಗಳಿಗೆ ಹಾಕಿ ಅಂತ ಕೇಳಬಾರದೆ? ಫಿಲಿಪೈನ್ಸಿನಲ್ಲಿ 2012ರಲ್ಲಿ ಹೀಗೇ ಮಾಡಿದರು. ಸಿಗರೇಟಿನ ಸುಂಕ ಏರಿಸಿ, ಬಂದ ಹೆಚ್ಚಿನ ಹಣದ ಬಹುಭಾಗವನ್ನು ಬಡವರ ಆರೋಗ್ಯ ವಿಮೆಗೆ ಕಾಯಿದೆಯಲ್ಲೇ ಬರೆದಿಟ್ಟರು. ತಂಬಾಕು ಬೆಳೆಯುವ ಜಿಲ್ಲೆಗಳಿಗೂ ಪಾಲು ಇಟ್ಟರು. 2009ರಲ್ಲಿ ನೂರಕ್ಕೆ 29.7 ಇದ್ದ ತಂಬಾಕು ಬಳಸುವವರು 2015ಕ್ಕೆ 23.8 ಆದರು.

ನಮ್ಮಲ್ಲಿ ಲೆಕ್ಕ ಹೇಗಿದೆ ಗೊತ್ತೆ? 2017ರ ಲೆಕ್ಕದಂತೆ ಬೀಡಿಯಿಂದ ಬರುವ ಕಾಯಿಲೆ, ಸಾವು, ಕೆಲಸದ ನಷ್ಟ ಇವುಗಳಿಂದ ದೇಶಕ್ಕೆ ಆದ ಹೊರೆ 80 ಸಾವಿರ ಕೋಟಿ ರೂಪಾಯಿಯಷ್ಟು. ಬೀಡಿಯ ಅಬಕಾರಿ ಸುಂಕದಿಂದ ಬರುತ್ತಿದ್ದದ್ದು ಅದರ ನೂರರಲ್ಲಿ ಅರ್ಧ ಪಾಲು. ಉಳಿದ ತೊಂಬತ್ತೊಂಬತ್ತೂವರೆ ಯಾರು ಕಟ್ಟಿದರು? ಮಾಂಗಲ್ಯ ಅಡವಿಟ್ಟು ಕಟ್ಟಿದರು, ಮಗನ ಓದು ಬಿಡಿಸಿ ಕಟ್ಟಿದರು. ಅದು ತೆರಿಗೆ ಅಲ್ಲವೆ? ರಸೀದಿ ಕೊಡದ ತೆರಿಗೆ ಅಷ್ಟೆ.

ಆದರೂ ಒಂದು ಮುಳ್ಳು ನಮ್ಮ ಗಂಟಲಲ್ಲಿ ಉಳಿದೇ ಇದೆ, ಮುಚ್ಚಿಡುವುದಿಲ್ಲ. ಬೆಲೆ ಏರಿದರೂ ಬಿಡಲಾಗದ ದೊಡ್ಡಪ್ಪಂದಿರು ಇರುತ್ತಾರೆ. ನೂರಕ್ಕೆ ಒಂಬತ್ತು ಇಳಿಯಿತು ಅಂದರೆ ಉಳಿದ ತೊಂಬತ್ತೊಂದು ಉರಿಯುತ್ತಲೇ ಇದೆ ಅಂತ ಅರ್ಥ. ಅವರು ಆ ಹೆಚ್ಚಿನ ಕಾಸನ್ನು ಎಲ್ಲಿಂದ ತರುತ್ತಾರೆ? ಮನೆಯ ಎಣ್ಣೆ ಬೇಳೆಯಿಂದಲೇ ತರುತ್ತಾರೆ. ಅವರಿಗೆ ಬಿಡಲಿಕ್ಕೆ ಸಹಾಯ ಮಾಡುವ ಒಬ್ಬ ಡಾಕ್ಟರು, ಒಂದು ಔಷಧಿ ಊರಿನ ಆರೋಗ್ಯ ಕೇಂದ್ರದಲ್ಲಿ ಇಲ್ಲದೆ ಬರೀ ಸುಂಕ ಏರಿಸಿದರೆ ಅದು ಹೆಂಡತಿ ಮಕ್ಕಳ ತಟ್ಟೆಗೆ ಹಾಕಿದ ಸುಂಕ. ಸುಂಕ ಏರಿಸಿ ಎನ್ನುವವರು ಇದನ್ನೂ ಸೇರಿಸಿ ಹೇಳಬೇಕು. ಇಲ್ಲದಿದ್ದರೆ ನಾವೂ ಆ ಕರುಣಾಳುಗಳೂ ಒಂದೇ.

ಇನ್ನೆರಡು ಮಾತು, ಬೇಗ ಹೇಳುತ್ತೇವೆ, ಮೆಸ್ಸಿನ ಗಂಟೆ ಹೊಡೆಯುತ್ತಾರೆ. ಒಂದು, ಬಿಡಿ ಮಾರಾಟ. ಇಡೀ ಪ್ಯಾಕಿನ ಬೆಲೆ ನೂರು ಏರಿದರೂ ಒಂದು ಕಡ್ಡಿ ಕೊಳ್ಳುವವನಿಗೆ ಅದು ಐದು ಹತ್ತು ರೂಪಾಯಿ ಆಗಿ ಕಾಣುತ್ತದೆ. ಸುಂಕದ ಪೆಟ್ಟು ಚೂರು ಚೂರಾಗಿ ಬೀಳುವುದರಿಂದ ನೋಯುವುದಿಲ್ಲ. ಕರ್ನಾಟಕದಲ್ಲಿ ಬಿಡಿಯಾಗಿ ಮಾರಬಾರದು ಅಂತ 2017ರಲ್ಲೇ ಆದೇಶ ಆಯಿತು. 2024ರಲ್ಲಿ ವಿಧಾನಮಂಡಲ ಕಾಯಿದೆಯನ್ನೇ ತಿದ್ದಿ, 21 ವರ್ಷ ತುಂಬದವರಿಗೆ ಮಾರಬಾರದು, ಬಿಡಿ ಕಡ್ಡಿ ಮಾರಬಾರದು ಅಂತ ಮಾಡಿತು. ನಮ್ಮ ಗೇಟಿನ ಎದುರಿನ ಗೂಡಂಗಡಿಗೆ ಆ ಕಾಯಿದೆ ಇನ್ನೂ ನಡೆದುಕೊಂಡು ಬರುತ್ತಿದೆ, ದಾರಿಯಲ್ಲಿ ಎಲ್ಲೋ ಕೂತಿರಬೇಕು. ಎರಡು, ಜಗಿಯುವ ತಂಬಾಕು. ನಮ್ಮ ರಾಜ್ಯದಲ್ಲಿ 2016-17ರ ಸಮೀಕ್ಷೆಯಲ್ಲಿ ಸೇದುವವರು ನೂರಕ್ಕೆ 8.8, ಹೊಗೆಯಿಲ್ಲದ ತಂಬಾಕು ಹಾಕುವವರು 16.3. ಬೀಡಿ ಸಿಗರೇಟು ಎರಡನ್ನೂ ದುಬಾರಿ ಮಾಡಿ ಚೀಟಿಯನ್ನು ಅಗ್ಗವಾಗಿ ಬಿಟ್ಟರೆ ಹೊಗೆ ಹೋಗಿ ಉಗುಳು ಬರುತ್ತದೆ.

ಮುಂದಿನ ತಿಂಗಳು ರಜಕ್ಕೆ ಊರಿಗೆ ಹೋಗುತ್ತೀರಲ್ಲ, ಒಂದು ಕೆಲಸ ಮಾಡಿಕೊಂಡು ಬನ್ನಿ. ನಿಮ್ಮ ಕೇರಿಗೆ ಹತ್ತಿರದ ಅಂಗಡಿಯಲ್ಲಿ ಒಂದು ಕಟ್ಟು ಬೀಡಿಗೆ ಎಷ್ಟು, ಬಿಡಿ ಸಿಗರೇಟಿಗೆ ಎಷ್ಟು, ಒಂದು ಚೀಟಿಗೆ ಎಷ್ಟು, ಒಂದು ಮೊಟ್ಟೆಗೆ ಎಷ್ಟು ಅಂತ ಕೇಳಿ ಬರೆದುಕೊಳ್ಳಿ. ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸುವ ರಾತ್ರಿಗೆ ಕೂಲಿ ಎಷ್ಟು ಅಂತ ಸೇರಿಸಿ. ನಿಪ್ಪಾಣಿ ಕಡೆಯವರು ಬೀಡಿ ತಂಬಾಕು ಹಸನು ಮಾಡುವ ಹೆಂಗಸರ ಕೂಲಿ ಬರೆಯಿರಿ. ಕರಾವಳಿಯವರು ಸಾವಿರ ಬೀಡಿಯ ಮಜೂರಿ, ಕಳಪೆ ಅಂತ ತೆಗೆದದ್ದು ಎಷ್ಟು, ಎರಡನ್ನೂ ಬರೆಯಿರಿ. ಅಪ್ಪನೋ ದೊಡ್ಡಪ್ಪನೋ ದಿನಕ್ಕೆ ಎಷ್ಟು ಸೇದುತ್ತಾರೆ, ಯಾವ ಬೆಲೆಗೆ ಬಿಡುತ್ತೇನೆ ಅನ್ನುತ್ತಾರೆ, ಅದನ್ನೂ ಕೇಳಿ. ಬೈದರೆ ಬೈಸಿಕೊಳ್ಳಿ. ಎಲ್ಲರ ಚೀಟಿ ಬಂದ ಮೇಲೆ ಸ್ಟೆನ್ಸಿಲ್ ಕೊರೆಯುತ್ತೇವೆ.